ಮಗ್ಗ ನಿಂತಾಗ ಕೇಳಿದ ಕಟಕಟ

ನಮ್ಮ ಕಾರಿಗೆ ನಮ್ಮೂರು ಬನಹಟ್ಟಿಯಲ್ಲಿ ಯಾವ ರೋಗವೂ ಇರಲಿಲ್ಲ. ಜಮಖಂಡಿಯಲ್ಲೂ ಇರಲಿಲ್ಲ. ಬೀಳಗಿ ತಾಲೂಕಿಗೆ ಹೋಗಿ ಅಕ್ಕನ ಗಂಡನ ಮನೆಯ ಮುಂದೆ ತಿರುಗಿಸಿದರೆ ಮಾತ್ರ ಮುಂದಿನ ಗಾಲಿಗಳ ಕಡೆಯಿಂದ ಕಟ್ ಕಟ್ ಕಟ್ ಎಂದು ಸಪ್ಪಳ ಬರುತ್ತಿತ್ತು. ನೇರ ಹೋದರೆ ಸುಮ್ಮನಿರುತ್ತಿತ್ತು. ತಿರುಗಿತೋ, ಶುರು.

ಯಾವ ಇಸವಿ ಎಂದು ಕೇಳಬೇಡಿ. ಧಾರವಾಡದಲ್ಲಿ ಇತಿಹಾಸ ಎಂ.ಎ. ಮಾಡಿ ಬಂದವನು ಇಸವಿ ಮರೆಯಬಾರದು, ಆದರೆ ಆ ಬೇಸಿಗೆಯ ಮುಂಚಿನ ದಿನಗಳು ನನ್ನ ತಲೆಯಲ್ಲಿ ಎರಡು ಬೇರೆ ಬೇರೆ ವರ್ಷಗಳಿಗೆ ಅಂಟಿಕೊಂಡಿವೆ. ಅಂಗಡಿಗಳ ಮುಂದೆ ಕಾಯಿನ್ ಬಾಕ್ಸ್ ಫೋನುಗಳಿದ್ದವು. ಆಣೆಕಟ್ಟಿನ ಹಿನ್ನೀರು ಬಂದು ನಿಂತು ಕೆಲವು ವರ್ಷಗಳಾಗಿದ್ದವು. ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ. ಉಳಿದದ್ದರ ಬಗ್ಗೆ ಅಕ್ಕನ ಬಳಿ ಒಂದು ಆವೃತ್ತಿ ಇದೆ, ಅಪ್ಪನ ಬಳಿ ಇನ್ನೊಂದು ಇದೆ. ನನ್ನದರ ಮೇಲೆ ನನಗೇ ಪೂರ್ತಿ ಭರವಸೆ ಇಲ್ಲ.

ಅಕ್ಕನ ಗಂಡನ ಮನೆಯವರ ಹಳೆಯ ಊರು ಅನಗವಾಡಿಯ ಹತ್ತಿರ ನದಿಯ ದಂಡೆಯಲ್ಲಿತ್ತು. ನೀರು ಬರುತ್ತದೆಂದು ಊರನ್ನೇ ಎತ್ತಿ ಮೇಲಿನ ಬಯಲಿಗೆ ತಂದಿಟ್ಟಿದ್ದರು. ಹೊಸ ಊರಿನಲ್ಲಿ ರಸ್ತೆಗಳು ಅಗಲ, ಸೈಟುಗಳು ಖಾಲಿ, ನೆಟ್ಟ ಬೇವಿನ ಗಿಡಗಳು ಇನ್ನೂ ಮೊಣಕಾಲಿಗೆ ಬಂದಿದ್ದವು. ಎಲ್ಲಿ ನೋಡಿದರೂ ಬಯಲು. ಮೂರು ಓಣಿ ಆಚೆ ಯಾರಾದರೂ ಕೊಡ ಇಳಿಸಿದರೆ ಈಚೆ ಕೇಳಿಸುತ್ತಿತ್ತು. ನಮ್ಮಂಥ ಮಗ್ಗದ ಊರಿನವರಿಗೆ ಅಲ್ಲಿ ಕಿವಿ ಜುಮ್ ಎನ್ನುತ್ತಿತ್ತು.

ಅಕ್ಕನಿಗೆ ಏಳನೆಯ ತಿಂಗಳು. ಸೀಮಂತದ ಕುಬಸ ಮಾಡಿ, ಹಸಿರು ಬಳೆ ತೊಡಿಸಿ, ಚೊಚ್ಚಲ ಬಾಣಂತನಕ್ಕೆ ತವರಿಗೆ ಕರೆತರಲು ಅಪ್ಪ, ಅವ್ವ, ನಾನು ನಮ್ಮ ಸಣ್ಣ ಕಾರಿನಲ್ಲಿ ಹೋಗಿದ್ದೆವು. ಆ ಕಾರನ್ನು ಅಪ್ಪ ಯಾರೋ ಡಾಕ್ಟರರಿಂದ ಕೊಂಡಿದ್ದ, ಅದೂ ಮುಖ್ಯವಾಗಿ ಇದೇ ಕೆಲಸಕ್ಕೆಂದು. ಊಟ ಮುಗಿಯಿತು. ಕಾರಿನ ಮುಖ ರಸ್ತೆಯ ಕಡೆ ಇರಲಿ ಎಂದು ಅಪ್ಪ ಅದನ್ನು ಮನೆಯ ಮುಂದೆ ಒಂದು ಸುತ್ತು ತಿರುಗಿಸಿದ. ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದ ಅಕ್ಕನ ಅತ್ತೆ ಎದ್ದು ನಿಂತರು.

"ನಿಲ್ಲಸ್ರಿ ಬೀಗರ. ಏನದು ಕಟಕಟ?"

"ಎಲ್ಲಿ ಕಟಕಟ?" ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ನಿಮ್ಮ ಗಾಡಿ ಹಲ್ಲ ಕಡ್ಯಾಕತ್ತೈತಿ."

"ಛೇ ಛೇ, ಗಾಡಿ ಅಂದಮ್ಯಾಲ ಸಪ್ಪಳ ಇರಬೇಕರಿ. ಸಪ್ಪಳ ಇಲ್ಲಂದ್ರ ಬಂದ್ ಬಿದ್ದೈತಿ ಅಂತ ಅರ್ಥ."

ಇದು ನಮ್ಮ ಊರಿನ ತತ್ವ. ಮಗ್ಗ ಸದ್ದು ಮಾಡುತ್ತಿದ್ದರೆ ಎಲ್ಲವೂ ಸರಿಯಾಗಿದೆ, ಸದ್ದು ನಿಂತರೆ ಎದ್ದು ಹೋಗಿ ನೋಡಬೇಕು. ಆದರೆ ಅತ್ತೆಯ ತತ್ವ ಬೇರೆ ಜಾಗದಿಂದ ಬಂದಿತ್ತು.

"ನಮ್ಮ ಊರ ಎತ್ತಿದಾಗ ಸಾಮಾನ ಹೇರಿದ ಟ್ರ್ಯಾಕ್ಟರ್ ಹಿಂಗ ಅಂದಿತ್ತರಿ" ಎಂದರು. "ಏನಾಗೂದಿಲ್ಲ ನಡೀರಿ ನಡೀರಿ ಅಂದ್ರು ಎಲ್ಲಾರೂ. ಏರಿನ್ಯಾಗ ಗಾಲಿ ಕಳಚಿ ಹೊಳಿ ಕಡೆ ಹೋತು, ನಮ್ಮತ್ತಿ ಕಾಲದ ಬೀಸೂಕಲ್ಲ ಎರಡ ಹೋಳಾತು. ಕಲ್ಲ ಹೋದ್ರ ಹೋತು, ಸೊಸಿನ್ನ ಅಂಥಾ ಗಾಡ್ಯಾಗ ಕುಂದರಸೂದಿಲ್ಲ ನಾನು. ಸಪ್ಪಳ ಬಿಡಿಸ್ಕೊಂಡ ಬರ್ರಿ."

"ಯಾವಾಗ ಬರೂನ್ರಿ ಮತ್ತ?" ಎಂದು ಅವ್ವ ಮೆಲ್ಲಗೆ ಕೇಳಿದಳು.

"ಅಮಾಸಿ ಒಳಗ ಬರ್ರಿ. ಅಮಾಸಿ ದಾಟಿದ್ರ ಎಂಟರಾಗ ಬೀಳ್ತಾಳ. ಎಂಟರಾಗ ಕಳಸೂದಿಲ್ಲ, ಒಂಬತ್ತರಾಗ ಅಡ್ಡಾಡಸೂದಿಲ್ಲ. ಬಾಣಂತನಾ ಇಲ್ಲೇ."

ಎಂಟನೆಯ ತಿಂಗಳಿಗೆ ಇರುವ ಈ ನಿಷೇಧಕ್ಕೆ ಆಧಾರವೇನು ಎಂದು ನಾನು ಕೇಳಲು ಬಾಯಿ ತೆರೆದೆ. ಅವ್ವ ನನ್ನ ಅಂಗಿಯ ಹಿಂದಿನ ಚುಂಗು ಹಿಡಿದು ಎಳೆದಳು. ಬಾಗಿಲ ಹಿಂದೆ ಅಕ್ಕ ನಿಂತಿದ್ದಳು. ಮೊಣಕೈವರೆಗೆ ಹಸಿರು ಬಳೆ, ಕಾಲ ಬುಡದಲ್ಲಿ ಕಟ್ಟಿಟ್ಟ ಚೀಲ.

ಬಾಡಿಗೆಯ ಜೀಪು ತರಬಹುದಿತ್ತು. ಅಕ್ಕನನ್ನು ಬಿಟ್ಟು ಮರಳುವ ದಾರಿಯಲ್ಲಿ ನಾನು ಅದನ್ನೇ ಹೇಳಿದೆ. ಅಪ್ಪ ಬ್ರೇಕು ಹಾಕಿ ಕಾರನ್ನೇ ನಿಲ್ಲಿಸಿದ. "ಬಾಡಿಗಿ ಗಾಡಿ ಒಯ್ದ್ರ ನನ್ನ ಗಾಡಿ ಕೆಟ್ಟೈತಿ ಅಂತ ನಾನ ಒಪ್ಪಿದಂಗ ಆತು. ಕೆಟ್ಟಿಲ್ಲ ಇದು. ಕೇಳ, ಕೇಳಸ್ತೈತೇನ ಏನರ?" ನೇರ ರಸ್ತೆಯಲ್ಲಿ ನಿಂತ ಕಾರು ಏನನ್ನೂ ಹೇಳಲಿಲ್ಲ.

ಮರುದಿನ ಜಮಖಂಡಿಯ ಗ್ಯಾರೇಜಿಗೆ ಒಯ್ದೆವು. ಅಲ್ಲಿನ ಮಿಸ್ತ್ರಿ ಅಪ್ಪನ ಹಳೆಯ ಗೆಳೆಯ, ದಪ್ಪ ಮೀಸೆಯ, ದೊಡ್ಡ ಬಾಯಿಯ ಮನುಷ್ಯ. ತಾನು ಮುಟ್ಟದ ಗಾಡಿ ಜಿಲ್ಲೆಯಲ್ಲೇ ಇಲ್ಲ ಎನ್ನುತ್ತಿದ್ದ. ಗ್ಯಾರೇಜು ರಸ್ತೆಗೆ ಹತ್ತಿಕೊಂಡಿತ್ತು, ಕಬ್ಬಿನ ಹಂಗಾಮು ಬೇರೆ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲಾಗಿ ಸಕ್ಕರೆ ಕಾರ್ಖಾನೆಗೆ ಹೊರಟಿದ್ದವು, ಪ್ರತಿಯೊಂದರಲ್ಲೂ ಟೇಪು ಗಂಟಲು ಹರಿಯುವಂತೆ ಹಾಡುತ್ತಿತ್ತು. ಮಿಸ್ತ್ರಿ ಬಾನೆಟ್ಟಿನೊಳಗೆ ತಲೆ ತೂರಿಸಿ, ಹೊರಗೆ ತೆಗೆಯುವಾಗ ಅದೇ ಹಾಡು ಗುನುಗುತ್ತಿದ್ದ.

"ಏನೂ ಇಲ್ಲೋ ಸಾಹುಕಾರ. ಟಾಯರಿನ್ಯಾಗ ಹರಳ ಕಲ್ಲ ಸಿಕ್ಕಿರಬೇಕು, ಬಿದ್ದ ಹೋಗೈತಿ" ಎಂದ.

"ನಾ ಹೇಳಿದ್ದಿಲ್ಲ?" ಅಪ್ಪ ನನ್ನತ್ತ ತಿರುಗಿದ. ಸಣ್ಣ ಕಲ್ಲೊಂದು ಆರೋಪಿಯಾಗಿ, ತಲೆಮರೆಸಿಕೊಂಡು, ಪ್ರಕರಣವೇ ಮುಗಿದುಹೋಯಿತು.

ಬನಹಟ್ಟಿಗೆ ಬಂದರೆ ಕೇಳುವುದೇ ಬೇಡ. ನಮ್ಮ ಓಣಿಯಲ್ಲಿ ಮನೆ ಮನೆಗೂ ಪವರ್‌ಲೂಮು, ಬೆಳಗಿನಿಂದ ಖಟಾಖಟ್ ಖಟಾಖಟ್. ಆ ಸದ್ದಿನ ಮೇಲೆ ಮಾತಾಡಿ ಮಾತಾಡಿ ನಮ್ಮ ಊರಿನವರ ದನಿಯೇ ಒಂದು ಮೆಟ್ಟಿಲು ಎತ್ತರ. ಅಪ್ಪ ಮನೆಯ ಮುಂದೆ ಕಾರು ತಿರುಗಿಸಿ, ಇಳಿದು, ಎರಡೂ ಕೈ ಚೆಲ್ಲಿ ತೋರಿಸಿದ. "ಎಲ್ಲೈತಿ? ಸಪ್ಪಳ ಗಾಡ್ಯಾಗಿಲ್ಲ. ಅವರ ಮನಸಿನ್ಯಾಗ ಐತಿ. ಸೊಸಿನ್ನ ಕಳಸಾಕ ಮನಸಿಲ್ಲ, ನೆವಾ ಹುಡುಕಾಕತ್ತಾರ."

ನಾನು ಕೇಳಿದ್ದೆ. ಕೇಳಿದ್ದೆನೇ? ಅಕ್ಕನ ಅತ್ತೆ ಎದ್ದು ನಿಂತದ್ದು, ಬೆರಳು ತೋರಿಸಿದ್ದು, ಆಮೇಲೆ ನನ್ನ ಕಿವಿ ಚುರುಕಾದದ್ದು ಖರೆ. ಮೊದಲು ಸಪ್ಪಳ ಬಂತೋ ಮೊದಲು ಅವರ ಮಾತು ಬಂತೋ? ಒಬ್ಬರು ಹೇಳಿದ ಮೇಲೆ ಇಲ್ಲದ ಸಪ್ಪಳವೂ ಕೇಳಿಸುತ್ತದೆ, ಇತಿಹಾಸದ ಅರ್ಧ ಪಾಲು ಹಾಗೆಯೇ ತಯಾರಾಗಿದೆ ಎಂದು ಆಗ ನಾನು ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ಒಂದೇ ಕಡೆ ಕೂರಲಾಗದ ಸ್ವಭಾವ ನನ್ನದು. ಆ ದಿನಗಳಲ್ಲಿ ನಮ್ಮ ಮಗ್ಗದ ಮನೆಗೂ ಹೊರಗಿನ ಕಾರಿಗೂ ನಡುವೆ ಓಡಾಡಿ ಅವ್ವನಿಂದ ಬೈಸಿಕೊಂಡೆ.

ಆಗ ಅಕ್ಕನ ಫೋನು ಬಂತು, ಬದಿಯ ಅಂಗಡಿಗೆ. ನಾನು ಓಡಿ ಹೋಗಿ ಎತ್ತಿದೆ.

"ಲೇ ತಮ್ಮಾ, ಗಾಡಿ ಏನಾತೋ? ಚೀಲಾ ಕಟ್ಟೇನಿ. ದಿನಾ ಉಡಾಕ ಸೀರಿ ಬೇಕಾಗಿ ಬಿಚ್ಚತೇನಿ, ಮತ್ತ ಕಟ್ಟತೇನಿ."

"ಅಪ್ಪ ಒಪ್ಪವಲ್ಲ. ಸಪ್ಪಳನ ಇಲ್ಲ ಅಂತಾನ."

"ಐತಿ. ನಾನೂ ಕೇಳೇನಿ. ಹೆಂಗರ ಮಾಡಿ ಬರ್ರೋ. ಅತ್ತಿ ಛಲೋ ನೋಡ್ಕೊಂತಾರ, ಇಲ್ಲ ಅನ್ನೂದಿಲ್ಲ. ಆದ್ರ ಅವ್ವನ ಮುಂದ ಚೀರಿದಂಗ ಅತ್ತಿ ಮುಂದ ಚೀರಾಕ ಬರೂದಿಲ್ಲಲೇ! ತುಟಿ ಕಚ್ಚಿ ಹಡೀಲೇನ ನಾನು?"

ನಗುತ್ತಲೇ ಹೇಳಿದಳು. ಆದರೆ ನಾಣ್ಯ ಮುಗಿದು ಫೋನು ಕಡಿಯುವ ಮುಂಚೆ "ಹೆಂಗರ ಮಾಡಿ ಬರ್ರೋ" ಎಂದು ಇನ್ನೊಮ್ಮೆ ಅಂದಳು. ಅಷ್ಟಾದ ಮೇಲೆ ಸಾಕ್ಷಿ ಹುಡುಕದೆ ಬೇರೆ ದಾರಿ ಇರಲಿಲ್ಲ.

ಸಂತೆಯ ಬಯಲಿನಲ್ಲಿ ಒಮ್ಮೆ ದೊಡ್ಡದಾಗಿ ಸುತ್ತು ಹೊಡೆಯೋಣ ಎಂದು ಅಪ್ಪನನ್ನು ಪೀಡಿಸಿ ಪೀಡಿಸಿ ಒಪ್ಪಿಸಿದೆ. ಸಂತೆಯಿಲ್ಲದ ದಿನ, ಮಧ್ಯಾಹ್ನ. ಬಯಲಿನ ಮೂರೂ ಕಡೆ ಮಗ್ಗದ ಮನೆಗಳು. ಅಪ್ಪ ಸ್ಟೇರಿಂಗನ್ನು ಎಡಕ್ಕೆ ಪೂರ್ತಿ ತಿರುವಿ, ಗಾಣದ ಎತ್ತಿನ ಹಾಗೆ ಸುತ್ತತೊಡಗಿದ. ನಾನು ನಡುವೆ ನಿಂತು ಕಿವಿಗೆ ಕೈ ಹಚ್ಚಿದೆ. ಖಟಾಖಟ್ ಖಟಾಖಟ್ ಎನ್ನುತ್ತಿದ್ದದ್ದು ಊರು. ಕಾರು ಮೂಕ.

"ಆತಿಲ್ಲೋ ಸಮಾಧಾನ?" ಎಂದು ಅಪ್ಪ ಪ್ರತಿ ಸುತ್ತಿಗೂ ಕೂಗುತ್ತಿದ್ದ.

ಆಗ ಕರೆಂಟು ಹೋಯಿತು.

ಲೋಡ್ ಶೆಡ್ಡಿಂಗು ನಮಗೆ ಹೊಸದಲ್ಲ, ಆದರೆ ಮಗ್ಗಗಳು ನಿಲ್ಲುವುದನ್ನು ನಾನು ಹಾಗೆ ಎಂದೂ ಕೇಳಿರಲಿಲ್ಲ. ಬೆಲ್ಟುಗಳು ಇನ್ನೊಂದೆರಡು ಸುತ್ತು ತಿರುಗಿ, ಒಂದು ಮನೆ, ಇನ್ನೊಂದು ಮನೆ, ಆಚೆ ಓಣಿ, ಹೀಗೆ ಊರೆಲ್ಲ ತೇಕುತ್ತ ತೇಕುತ್ತ ಕುಳಿತುಬಿಟ್ಟಿತು. ಎಲ್ಲ ನಿಂತ ಮೇಲೆ ಬಯಲಿನ ನಡುವೆ ಒಂದೇ ಒಂದು ಸದ್ದು ಉಳಿಯಿತು. ಕಟ್ ಕಟ್ ಕಟ್ ಕಟ್. ನಮ್ಮ ಕಾರು.

ಕರೆಂಟು ಹೋದರೆ ನೇಕಾರರು ಹೊರಗೆ ಬಂದು ಕಟ್ಟೆಗೆ ಕೂರುವುದು ವಾಡಿಕೆ. ಅಂದು ಬಂದವರೆಲ್ಲ ಬಯಲಿನ ಕಡೆ ಮುಖ ಮಾಡಿ ಕುಳಿತರು. ನಮ್ಮ ಬದಿಯ ಮನೆಯ ಕಾಕು ಸೊಂಟಕ್ಕೆ ಕೈ ಕೊಟ್ಟು ನಿಂತಳು. ಅಪ್ಪನಿಗಿಂತ ಚಿಕ್ಕವಳು, ಬಾಯಲ್ಲಿ ಹಿರಿಯಳು.

"ಅಣ್ಣಾರ, ನಿಮ್ಮ ಗಾಡ್ಯಾಗ ಯಾರೋ ಮಗ್ಗಾ ಹೂಡ್ಯಾರ ನೋಡ್ರಿ!"

ಅಪ್ಪ ಕಾರು ನಿಲ್ಲಿಸಿದ. ಸದ್ದೂ ನಿಂತಿತು. ಬಿಟ್ಟ, ಸದ್ದು ಬಂತು. ನಿಲ್ಲಿಸಿದ. ಬಿಟ್ಟ. ಅವನ ಮುಖ ನಾನು ಮರೆತಿಲ್ಲ. ಸೋತವನ ಮುಖವಲ್ಲ ಅದು, ಜಾದೂ ನೋಡಿದ ಮುಖ. "ಲೇ, ಎಲ್ಲಾ ನಿಂತ್ರೂ ಇದೊಂದ ನಿಂತಿಲ್ಲಲೇ!" ಎಂದು ನಕ್ಕ. ಅಲ್ಲಿಂದ ಮುಂದೆ ಅಪ್ಪನನ್ನು ತಡೆಯುವವರಿಲ್ಲ. ಸಪ್ಪಳ ಇಲ್ಲವೆನ್ನುವುದರಲ್ಲಿ ಇದ್ದ ಹಟವನ್ನೆಲ್ಲ ಅದನ್ನು ಹಿಡಿಯುವುದಕ್ಕೆ ತಿರುಗಿಸಿದ.

"ಕರೆಂಟ ಬರೂದರಾಗ ಹಿಡೀಬೇಕು! ಯಾವ ಗಾಲಿ ನೋಡ ಲಗೂನ!"

ನಾನು ಮುಂದಿನ ಗಾಲಿಯ ಪಕ್ಕ ಬಗ್ಗಿ, ಕಿವಿ ಗಾಲಿಯ ಕಡೆಗೆ ಕೊಟ್ಟು, ಕಾರಿನ ಜೊತೆ ಓಡತೊಡಗಿದೆ. ಅಪ್ಪ ಸುತ್ತುತ್ತಿದ್ದಾನೆ, ನಾನು ಸುತ್ತುತ್ತಿದ್ದೇನೆ, ಬಯಲು ಸುತ್ತುತ್ತಿದೆ.

"ಎಮ್ಮಿ ಕೆಚ್ಚಲಕ್ಕ ಬಾಯಿ ಹಾಕಾಕ ಓಡಾಕತ್ತಾನ ನೋಡ ಎಂ.ಎ. ಕರಾ!" ಎಂದಳು ಕಾಕು. ಕಟ್ಟೆಯ ಮೇಲೆ ನಗೆಯೋ ನಗೆ.

ಎಡಕ್ಕೆ ತಿರುಗಿದಾಗ ಸಪ್ಪಳ, ಬಲಕ್ಕೆ ತಿರುಗಿದಾಗ ಇಲ್ಲ. ಇಷ್ಟು ಎಲ್ಲರಿಗೂ ಕೇಳಿಸಿತು. ಅಂದ ಮೇಲೆ ಎಡಗಾಲಿಯೇ ಎಂದು ಒಂದು ಕಟ್ಟೆ ತೀರ್ಪು ಕೊಟ್ಟಿತು. ಎದುರು ಕಟ್ಟೆಗೂ ಈ ಕಟ್ಟೆಗೂ ಯಾವ ವಿಷಯದಲ್ಲೂ ಹೊಂದಿಕೆ ಇರಲಿಲ್ಲ. ಆದರೆ ಅಂದು ಅವರೂ ಎಡ ಎಂದರು. ಸ್ವಲ್ಪ ಹೊತ್ತಿನಲ್ಲಿ ತಲೆ ತಿರುಗಿ ನಾನು ನೆಲಕ್ಕೆ ಕುಳಿತೆ, ಭೂಮಿ ನನ್ನನ್ನು ಬಿಟ್ಟು ಎಡಕ್ಕೇ ಹೋಗುತ್ತಿತ್ತು. ಆಗ ಕರೆಂಟು ಬಂತು. ಮಗ್ಗಗಳು ಒಮ್ಮೆಲೆ ಎದ್ದವು, ಜನ ಒಳಗೆ ಓಡಿದರು, ಕಾರು ಮತ್ತೆ ಆರೋಗ್ಯವಂತವಾಯಿತು.

ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಅಪ್ಪ ಜಮಖಂಡಿಗೆ ಹೋಗಿ ಮಿಸ್ತ್ರಿಯನ್ನು ನಟ್ಟು ತಿರುಗಿಸುವ ಅವನ ಪಾನಾಗಳ ಚೀಲದ ಸಮೇತ ಕರೆತಂದ. ಕರೆಂಟು ಇದ್ದ ಹೊತ್ತು, ಹಾಗಾಗಿ ಅವನಿಗೆ ಏನೂ ಕೇಳಿಸಲಿಲ್ಲ, ಆದರೆ ಊರಿನ ತೀರ್ಪು ಕೇಳಿದ.

"ಎಡಕ್ಕ ತಿರುಗಿದ್ರ ಬರ್ತೈತಿ? ಹಂಗಾರ ಎಡದ್ದ ಎಕ್ಸಲ್. ಕಣ್ಣ ಮುಚ್ಚಿ ಹೇಳ್ತೇನಿ" ಎಂದ.

ಎಂಜಿನಿನ ಶಕ್ತಿಯನ್ನು ಗಾಲಿಗೆ ಒಯ್ಯುವ ಕಬ್ಬಿಣದ ದಂಡವೇ ಎಕ್ಸಲ್. ಮುಂದಿನ ಗಾಲಿಗೆ ಎರಡು ಕೆಲಸ, ಉರುಳಬೇಕು, ಹೊರಳಲೂ ಬೇಕು. ಅದಕ್ಕಾಗಿ ದಂಡದ ತುದಿಯಲ್ಲಿ ಗುಂಡುಗಳಿರುವ ಒಂದು ಕೀಲು, ಅದರ ಸುತ್ತ ಗ್ರೀಸು, ಗ್ರೀಸನ್ನು ಕಾಯಲು ಮಡಿಕೆ ಮಡಿಕೆಯ ರಬ್ಬರಿನ ಚೀಲ. ಅದಕ್ಕೆ ಬೂಟು ಎನ್ನುತ್ತಾರೆ. ಬೂಟು ಹರಿದರೆ ಗ್ರೀಸು ಹೋಗುತ್ತದೆ, ಮಣ್ಣು ಬರುತ್ತದೆ, ಗುಂಡುಗಳು ಕೂತ ಜಾಗ ಸವೆಯುತ್ತದೆ, ತಿರುಗಿದಾಗಲೆಲ್ಲ ಕಟಕಟ.

ಮಿಸ್ತ್ರಿ ಎಡಗಾಲಿ ಬಿಚ್ಚಿದ. ಬೂಟು ಹೊಸ ಮದುಮಗನ ಹಾಗೆ ಮಿರುಗುತ್ತಿತ್ತು. ಒಂದು ಸೀಳಿಲ್ಲ, ಒಂದು ಹನಿ ಗ್ರೀಸು ಹೊರಗಿಲ್ಲ. ಅವನು ಅದನ್ನು ಬಹಳ ಹೊತ್ತು ದಿಟ್ಟಿಸಿದ. ಮೀಸೆ ತಿರುವಿದ. ಎದ್ದು ಸುತ್ತು ಹಾಕಿ ಬಲಕ್ಕೆ ಹೋದ. ಬಲಗಾಲಿ ಬಿಚ್ಚಿದ ಕೂಡಲೇ ನಾವೆಲ್ಲ "ಹೋ" ಎಂದೆವು. ಗಾಲಿಯ ಒಳಮೈಗೆಲ್ಲ ಕರಿ ಗ್ರೀಸು ರಾಚಿತ್ತು. ಬೂಟು ಬಾಯಿ ತೆರೆದುಕೊಂಡಿತ್ತು. ಎಕ್ಸಲ್ಲಿಗೆ ಮಾತ್ರ ಒಂದು ಅಂಗಿ ತೊಡಿಸಿದ ಹಾಗಿತ್ತು. ಕೆಂಪು, ಹಸಿರು, ಗ್ರೀಸಿನಿಂದ ಕಪ್ಪಾದ ಹಳದಿ. ನೂಲು!

ನಮ್ಮ ಓಣಿಯ ನೆಲವೇ ಹಾಗೆ, ಮಗ್ಗದ ಮನೆಗಳಿಂದ ಗುಡಿಸಿ ಎಸೆದ ತುಂಡುನೂಲು ಯಾವಾಗಲೂ ಹಾರಾಡುತ್ತಿರುತ್ತದೆ. ಕಾರು ಹೋಗುವಾಗ ಬರುವಾಗ ಅದನ್ನು ಎಳೆ ಎಳೆಯಾಗಿ ಸುತ್ತಿಕೊಂಡು, ದಿನದಿನವೂ ಬಿಗಿದು, ಕೊನೆಗೆ ಬೂಟಿನ ಕುತ್ತಿಗೆಯನ್ನೇ ಕೊಯ್ದಿತ್ತು. ಮಗ್ಗಕ್ಕೆ ಹಾಕುವ ಕಂಡಿಕೆಯ ಹಾಗೆ ನಮ್ಮ ಎಕ್ಸಲ್ ನೂಲು ತುಂಬಿಕೊಂಡು ಕುಳಿತಿತ್ತು. ಕಾಕು ಬಗ್ಗಿ ಒಂದು ಎಳೆ ಜಗ್ಗಿ, ಬೆಳಕಿಗೆ ಹಿಡಿದಳು.

"ಅಯ್ಯ, ಇದು ನಮ್ಮ ದಡಿ ನೂಲ! ಹೋದ ವರ್ಷ ಹಾಕಿದ್ದಿವಿ ಈ ಕೆಂಪ."

"ಹಂಗಾರ ಗಾಡಿ ಕೆಡಿಸಿದಾಕಿ ನೀನ ಅನ್ನ" ಎಂದ ಅಪ್ಪ.

"ನಾ ಯಾಕ ಕೆಡಸ್ಲಿ? ನನ್ನ ನೂಲಾ ಕದ್ದದ್ದು ನಿಮ್ಮ ಗಾಡಿ! ಇಷ್ಟರಾಗ ಒಂದ ಸೀರಿ ಆಗತಿತ್ತು, ನಿಮ್ಮ ಮಗಳ ಕುಬಸಕ್ಕ ಉಡಸಬಹುದಿತ್ತು."

ಎಡಕ್ಕೆ ತಿರುಗಿದರೆ ಬಲಗಾಲಿ ಯಾಕೆ ಕಟಕಟ ಎನ್ನಬೇಕು? ನಿಧಾನವಾಗಿ ಯೋಚಿಸಿದರೆ ಸರಳ. ಗಾಡಿ ಎಡಕ್ಕೆ ಹೊರಳಿದಾಗ ಭಾರವೆಲ್ಲ ಬಲಕ್ಕೆ ವಾಲುತ್ತದೆ, ನಮ್ಮ ಮೈಯೂ ಹಾಗೆಯೇ ವಾಲುತ್ತದಲ್ಲ. ಹೊರಗಿನ ಗಾಲಿಗೇ ಪೆಟ್ಟು ಹೆಚ್ಚು. ಆದರೆ ಅದನ್ನು ನಿಧಾನವಾಗಿ ಯೋಚಿಸುವ ಮುಂಚೆಯೇ ಒಂದು ವಿಚಿತ್ರ ನಡೆಯಿತು. "ನಾ ಮೊದಲ ಬಲದ್ದ ಅಂದಿದ್ದೆ" ಎಂದ ಮಿಸ್ತ್ರಿ. "ನಾನೂ ಬಲ ಅಂದಿದ್ದೆ" ಎಂದ ಅಪ್ಪ. ಸಂಜೆಯ ಹೊತ್ತಿಗೆ ಎರಡೂ ಕಟ್ಟೆಗಳಲ್ಲಿ ಎಡ ಎಂದವನು ಒಬ್ಬನೂ ಉಳಿಯಲಿಲ್ಲ. ಇಡೀ ಓಣಿ ಮೊದಲಿನಿಂದಲೂ ಬಲದ ಪಕ್ಷವಾಗಿತ್ತು. ಓದಿದ ಯಾವ ಪುಸ್ತಕವೂ ಜನರ ನೆನಪು ಬೇಯುವುದನ್ನು ಇಷ್ಟು ಬಿಸಿಬಿಸಿಯಾಗಿ ನನಗೆ ತೋರಿಸಿರಲಿಲ್ಲ. ನಗಬೇಕೆಂದರೆ, ಬಯಲಿನಲ್ಲಿ ನಾನು ಓಡಿದ್ದು ಬಲಗಾಲಿಯ ಪಕ್ಕವೇ ಎಂಬ ಚಿತ್ರ ಇವತ್ತಿಗೂ ನನ್ನ ಕಣ್ಣ ಮುಂದೆ ಸ್ಪಷ್ಟವಾಗಿದೆ. ಅಕ್ಕ ಅಂದು ಅಲ್ಲಿರಲಿಲ್ಲ, ಆದರೂ ನಾನು ಎಡಗಾಲಿಯ ಪಕ್ಕ ಓಡಿದೆನೆಂದು ಅವಳು ಆಣೆ ಮಾಡುತ್ತಾಳೆ.

ಕೀಲು ಪೂರ್ತಿ ಸವೆದಿತ್ತು. ಬರೀ ಬೂಟು ಬದಲಿಸಿದರೆ ಸಾಲದು, ಇಡೀ ಎಕ್ಸಲ್ಲೇ ಬೇಕು ಎಂದ ಮಿಸ್ತ್ರಿ. ಹಳೆಯದನ್ನು ಬಿಚ್ಚುವುದೇ ಒಂದು ಉತ್ಸವವಾಯಿತು. ಗಾಲಿಯ ನಡುವಿನ ದೊಡ್ಡ ನಟ್ಟು ತಿರುಗಲೊಲ್ಲದು. ಗಾಲಿ ಮತ್ತೆ ಹಾಕಿ, ಗಾಡಿ ನೆಲಕ್ಕಿಳಿಸಿ, ನಾನು ಬ್ರೇಕು ತುಳಿದು ಕುಳಿತೆ. ಪಾನಾದ ಹಿಡಿಕೆಗೆ ಹಳೆಯ ಮಗ್ಗದ ಉದ್ದನೆಯ ಪೈಪು ಸಿಕ್ಕಿಸಿ ಮಿಸ್ತ್ರಿ ಒತ್ತಿದ. ಅಪ್ಪ ಒತ್ತಿದ. ಇಬ್ಬರೂ ಪೈಪಿನ ಮೇಲೆ ಹತ್ತಿ ನಿಂತು, ಒಬ್ಬರ ಹೆಗಲನ್ನೊಬ್ಬರು ಹಿಡಿದು, ಕುಣಿದರು. ಕಿರ್ರ್ ಎಂದು ನಟ್ಟು ಬಿಟ್ಟುಕೊಟ್ಟಿತು, ಇಬ್ಬರೂ ನೂಲಿನ ಕಸದ ಗುಡ್ಡೆಯ ಮೇಲೆ ಬಿದ್ದರು. ಏಳುವಾಗ ನಗು ತಡೆಯಲಾಗದೆ ಮತ್ತೆ ಬಿದ್ದರು.

ಗಾಲಿಯ ಕೆಳಗಿನ ಕೀಲು ಬಿಡಿಸಿ, ಗಾಲಿ ಕೂರುವ ಬಿಡಾರವನ್ನೆಲ್ಲ ಹೊರಕ್ಕೆ ಜಗ್ಗಿ, ಎಕ್ಸಲ್ಲಿನ ಒಳತುದಿಯನ್ನು ಗೇರ್ ಬಾಕ್ಸಿನಿಂದ ಸರಳಿನಿಂದ ಮೀಟಿ ಎಬ್ಬಿಸಬೇಕು. ಎಬ್ಬಿಸಿದಾಗ ಎಣ್ಣೆ ಸುರಿಯುತ್ತದೆ ಎಂದು ಮಿಸ್ತ್ರಿ ಮೊದಲೇ ಹೇಳಬೇಕಿತ್ತು. ಸುರಿಯತೊಡಗಿದ ಮೇಲೆ ಹೇಳಿದ. ಅಪ್ಪ ಒಳಗೆ ಓಡಿ, ಕೈಗೆ ಸಿಕ್ಕ ಪರಾತ ತಂದು ಕೆಳಗಿಟ್ಟ. ಅದು ಅವ್ವ ಹಿಟ್ಟು ನಾದುವ ಪರಾತ.

"ಅದರಾಗ ರೊಟ್ಟಿ ಹೆಂಗ ಮಾಡ್ಲಿ ನಾಳೆ?" ಅವ್ವ ಬಾಗಿಲಿಂದ ಕೂಗಿದಳು.

"ಮಗಳ ಬರ್ತಾಳಲ್ಲ, ಹೊಸಾದ ತರೂನು!"

ಅವ್ವ ಇನ್ನೊಂದು ಬೋಗುಣಿಯನ್ನು ತಾನೇ ತಂದಿಟ್ಟಳು. ಮಗಳು ಬರ್ತಾಳೆ ಎಂದು ಅಪ್ಪ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಎಕ್ಸಲ್ ಜಮಖಂಡಿಯಲ್ಲಿ ಸಿಗಲಿಲ್ಲ. ಮುಧೋಳದ ಅಂಗಡಿಯಲ್ಲಿ ಇದೆಯೆಂದು ತಿಳಿಯಿತು. ಹಳೆಯದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸು ಹತ್ತಿದೆ. ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಬಸ್ಸು ಕುಲುಕಿದಾಗಲೆಲ್ಲ ಅದರ ಸಡಿಲ ತುದಿ ಪಕ್ಕದ ಮುದುಕನ ಮೊಣಕಾಲಿಗೆ ತಾಗುತ್ತಿತ್ತು.

"ಏನ್ ತಮ್ಮಾ ಇದು?"

"ಎಕ್ಸಲ್ ರೀ ಅಜ್ಜಾರ."

"ಎಕ್ಸಲ್ ಅಂತಿ, ಕೂಸಿನಂಗ ಎತ್ತಗೊಂಡ ಕುಂತಿ."

"ಒಂದ ರೀತಿ ಕೂಸಿಂದ ಕೆಲಸಾರಿ" ಎಂದೆ. ಅಷ್ಟಕ್ಕೇ ಅವನು ಎಲ್ಲವನ್ನೂ ಕೇಳಿ ತಿಳಿದುಕೊಂಡ. ಮುಧೋಳದಲ್ಲಿ ಇಳಿಯುವಾಗ ಅರ್ಧ ಬಸ್ಸಿಗೆ ಅಕ್ಕನ ತಿಂಗಳು ಗೊತ್ತಿತ್ತು. ಅಂಗಡಿಯವ ಮೊದಲು ಎಡದ್ದು ಕೊಟ್ಟಿದ್ದ. ಹಳೆಯದರ ಪಕ್ಕ ಇಟ್ಟು ನೋಡಿದರೆ ಗಿಡ್ಡ. ಬದಲಿಸಿಕೊಂಡು ಬಂದೆ.

ಹೊಸದನ್ನು ಕೂರಿಸಿದ್ದು ಮರುದಿನ ಬೆಳಿಗ್ಗೆ. ಮಿಸ್ತ್ರಿ ಒಳತುದಿಯನ್ನು ಗೇರ್ ಬಾಕ್ಸಿಗೆ ಒಯ್ದು ಜೋರಾಗಿ ನೂಕಿದ. ಒಳಗಿನ ರಿಂಗು ಕೂತಿತೆಂದು ಹೇಳುವ ಗುರುತು ಒಂದೇ, ಒಂದು ಸಣ್ಣ ಕಟ್. ಖಟಾಖಟ್ ನಡುವೆ ಅದನ್ನು ಕೇಳುವುದು ಹೇಗೆ? ಅಪ್ಪ ಎದ್ದು ನಮ್ಮ ಮಗ್ಗಗಳ ಮೇನ್ ಸ್ವಿಚ್ಚು ತೆಗೆದ. ಆಮೇಲೆ ಬದಿಮನೆಗೆ ಹೋದ, ಎದುರುಮನೆಗೆ ಹೋದ. ಕರೆಂಟು ಇರುವ ಹೊತ್ತಿನಲ್ಲಿ ನೇಕಾರ ತಾನಾಗಿ ಮಗ್ಗ ನಿಲ್ಲಿಸುವುದೆಂದರೆ ಸುಮ್ಮನೆ ಮಾತಲ್ಲ. ಕಾಕು ಸ್ವಿಚ್ಚು ತೆಗೆದು ಹೊರಗೆ ಬಂದಳು. "ಲಗೂ ನೂಕೋ ಮೀಸಿ ಮಾವಾ, ನನ್ನ ಸೀರಿ ಅರ್ಧಕ್ಕ ನಿಂತೈತಿ!" ಮಿಸ್ತ್ರಿ ನೂಕಿದ. ಕಟ್. ಇಡೀ ಓಣಿ ಚಪ್ಪಾಳೆ ತಟ್ಟಿತು. ಚಪ್ಪಾಳೆ ತಟ್ಟಿತೋ, ನಾನೇ ಆಮೇಲೆ ಸೇರಿಸಿದೆನೋ, ಬಿಡಿ, ತಟ್ಟಲೇಬೇಕಾದ ಹೊತ್ತು ಅದು.

ಅಮಾವಾಸ್ಯೆಗೆ ಇನ್ನೂ ಒಂದು ದಿನವಿರುವಾಗ ನಾವು ಬೀಳಗಿಯ ದಾರಿ ಹಿಡಿದೆವು. ಜಾಗ ಇರಲಿ ಎಂದು ಅವ್ವ ಮನೆಯಲ್ಲೇ ಉಳಿದಳು. ಪ್ರತಿ ತಿರುವಿನಲ್ಲೂ ಅಪ್ಪ "ಶ್!" ಎಂದು ನನ್ನನ್ನು ಸುಮ್ಮನಾಗಿಸುತ್ತಿದ್ದ, ನಾನು ಮಾತಾಡದೆ ಕುಳಿತಿದ್ದರೂ. ಏನೂ ಇಲ್ಲ. ಟಾಯರಿನ ಸರ್ ಎನ್ನುವ ಸದ್ದು ಮಾತ್ರ.

ಅಕ್ಕನ ಅತ್ತೆ ಕಟ್ಟೆಯ ಮೇಲೆಯೇ ಇದ್ದರು. ಅಕ್ಕ ಚೀಲ ಹಿಡಿದು ಬಾಗಿಲಲ್ಲಿ. ಅಪ್ಪ ಇಳಿಯಲೇ ಇಲ್ಲ, ಖಾಲಿ ಸೈಟುಗಳ ನಡುವೆ ಎಡಕ್ಕೆ ಒಂದು ದೊಡ್ಡ ಸುತ್ತು, ಬಲಕ್ಕೆ ಒಂದು ದೊಡ್ಡ ಸುತ್ತು. ಅತ್ತೆ ತಲೆ ಒಂದು ಬದಿಗೆ ವಾಲಿಸಿ ಕೇಳಿದರು.

"ಹೊರಗ ನಿಂತ ಕೇಳಿದ್ರ ಸಾಲೂದಿಲ್ಲ ಬೀಗರ. ಒಳಗ ಏನಂತೈತಿ ನೋಡಬೇಕು."

ಮುಂದಿನ ಸೀಟಿನ ಬಾಗಿಲು ತೆರೆದು, ಸೆರಗು ಸುತ್ತಿಕೊಂಡು ಕುಳಿತರು. ಕಾರಿನ ಮುಂದಿನ ಸೀಟಿನಲ್ಲಿ ಅವರು ಕುಳಿತದ್ದು ಅದೇ ಮೊದಲು ಎಂದು ಆಮೇಲೆ ತಿಳಿಯಿತು. ಮೊದಲ ಸುತ್ತಿಗೆ ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ಮುಖ ಗಂಭೀರ. ಮುಂದಿನ ಸುತ್ತಿಗೆ ಒಂದು ಕೈ ಬಿಟ್ಟರು. ಅದರ ಮುಂದಿನದಕ್ಕೆ ಕಿಟಕಿಯಿಂದ ಹೊರಗೆ ನೋಡಿ ನಗುತ್ತಿದ್ದರು. ಬೇವಿನ ಗಿಡ, ಮನೆ, ನಾವು, ದೂರದ ಹಿನ್ನೀರು, ಮತ್ತೆ ಬೇವಿನ ಗಿಡ, ಎಲ್ಲ ಅವರ ಮುಂದೆ ಸುತ್ತುತ್ತಿದ್ದವು.

"ಸಪ್ಪಳ ಐತೇನ್ರಿ ಅತ್ತಿ?" ಅಕ್ಕ ಕೂಗಿದಳು.

"ಇನ್ನಾ ಗೊತ್ತಾಗವಲ್ದು! ಇನ್ನೊಂದ ಸುತ್ತ ಹೊಡೀರಿ ಬೀಗರ!"

ಇನ್ನೊಂದು, ಮತ್ತೊಂದು. ಓಣಿಯ ಹೆಂಗಸರು ಹೊರಗೆ ಬಂದರು. "ಹಂಗಾರ ನೀವ ಬಾಣಂತನಕ್ಕ ಹೋಗ್ರಿ, ನಾ ಇಲ್ಲೇ ಇರ್ತೇನಿ!" ಎಂದಳು ಅಕ್ಕ, ಕಾರು ಅವಳ ಮುಂದಿನಿಂದ ಹಾದುಹೋಗುವಾಗ. ಹಾಗೆ ಅಂದಿಲ್ಲ, ಅತ್ತೆಗೆ ಹಾಗೆ ಯಾರಾದರೂ ಅಂತಾರೇನು ಎಂದು ಈಗ ಜಗಳಾಡುತ್ತಾಳೆ. ನಾನು ಪಕ್ಕದಲ್ಲಿ ನಿಂತು ಕೇಳಿದ್ದೆ. ಕೇಳಿದ್ದೆ ಎಂದೇ ಬರೆಯುತ್ತೇನೆ.

ಕೊನೆಗೆ ಕಾರು ನಿಂತಿತು. ಅತ್ತೆ ಇಳಿದರು. ಇಳಿದವರೇ ಪಕ್ಕಕ್ಕೆ ವಾಲಿದರು, ತಲೆ ತಿರುಗಿ. ಅಕ್ಕ ಚೀಲ ಬಿಟ್ಟು ಓಡಿ ಹಿಡಿದಳು. ತುಂಬಿದ ಬಸಿರಿ ಅತ್ತೆಯನ್ನು ಹಿಡಿದಿದ್ದಾಳೆ, ಅತ್ತೆ ಸೊಸೆಯ ಹೆಗಲ ಮೇಲೆ ಹಣೆಯಿಟ್ಟು ನಗುತ್ತಿದ್ದಾರೆ, ಇಬ್ಬರೂ ಒಂದೇ ಕಡೆ ವಾಲುತ್ತಿದ್ದಾರೆ.

"ಸಪ್ಪಳಿಲ್ಲ. ಕರಕೊಂಡ ಹೋಗ್ರಿ" ಎಂದರು, ಕಣ್ಣು ಒರೆಸಿಕೊಳ್ಳುತ್ತ. ಆಮೇಲೆ ಒಂದು ಕ್ಷಣ ಯೋಚಿಸಿದರು. "ಸುಮ್ಮನ ಯಾಕ, ಜಮಖಂಡಿತನಕಾ ನಾನೂ ಬರ್ತೇನಿ. ದಾರ್‍ಯಾಗ ಏನರ ಅಂದೀತು. ಅಲ್ಲಿಂದ ಬಸ್ಸಿಗೆ ತಿರುಗಿ ಬರ್ತೇನಿ."

ಹೀಗೆ ನಾವು ಹೊರಟೆವು. ಅತ್ತೆ ಮುಂದೆ, ಅಕ್ಕ ಹಿಂದೆ ಕಾಲು ಚಾಚಿ, ಅವಳ ಚೀಲ ನನ್ನ ತೊಡೆಯ ಮೇಲೆ. ದಾರಿಯುದ್ದಕ್ಕೂ ಎಡ ತಿರುವು ಬಂದಾಗಲೆಲ್ಲ ಅತ್ತೆ ಬೆರಳೆತ್ತುತ್ತಿದ್ದರು, ಕಾರಿನೊಳಗೆ ನಾಲ್ವರೂ ಉಸಿರು ಹಿಡಿಯುತ್ತಿದ್ದೆವು, ತಿರುವು ಮುಗಿದ ಮೇಲೆ ಅಪ್ಪ ಹಾರ್ನು ಬಾರಿಸುತ್ತಿದ್ದ. ಅಕ್ಕ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು, "ನಗಸಬ್ಯಾಡ್ರಿ, ಇಲ್ಲೇ ಹಡದೇನು" ಎಂದಳು.

ಜಮಖಂಡಿ ಬಸ್ ನಿಲ್ದಾಣದ ಮುಂದೆ ಅಪ್ಪ ಕಾರು ನಿಲ್ಲಿಸಿದ. ಬೀಳಗಿಯ ಬಸ್ಸು ಹೊರಡಲು ತಯಾರಾಗಿ ನಿಂತಿತ್ತು. ಎಂಜಿನ್ ಚಾಲೂ, ಕಿಟಕಿ ಗಾಜುಗಳೆಲ್ಲ ಗಡಗಡ, ಕೆಳಗಿನ ತಗಡು ಒಂದು ಕಡೆ ಜೋತು ಬಡಿಯುತ್ತಿತ್ತು.

"ನಿಮ್ಮ ಬಸ್ಸ ನಿಂತೈತ್ರಿ" ಎಂದ ಅಪ್ಪ.

ಅತ್ತೆ ಅದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಅದರ ಸಪ್ಪಳಾ ಕೇಳೀರೇನ ಬೀಗರ? ಒಲ್ಲೆ ನಾನು. ನಡೀರಿ ಬನಹಟ್ಟಿಗೆ" ಎಂದು ಕಿಟಕಿಯ ಗಾಜು ಏರಿಸಿಕೊಂಡರು.